ಹುಲ್ಲಿನ ಹೊರೆ, ಹುಲ್ಲಿನ ಬಂಡಿ



ಮೂವತ್ತು ವರ್ಷಗಳಿಗೂ ಮೀರಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಇಂಥವನಿಗೆ ಯಂತ್ರವೊಂದರ ವಿಷಯವಾಗಿ ಮಾತನಾಡಲು ಏನು ಅಧಿಕಾರವೆಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟೆ: ಮೇಷ್ಟರಾಗುವುದಕ್ಕೆ ಮೊದಲು ನಾನು ಮಂಡ್ಯದ ಸೀಮೆಯ ಒಂದು ಹಳ್ಳಿಯಲ್ಲಿ ಹುಲ್ಲು ಹೊತ್ತವನು. ತಲೆಯ ಮೇಲೆ ಸಿಂಬೆಯಿಟ್ಟು, ಅದರ ಮೇಲೆ ಹಸಿ ಹುಲ್ಲಿನ ಹೊರೆಯಿಟ್ಟು, ಕಣ್ಣಿಗೆ ಇಳಿಯುವ ನೀರನ್ನು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಗದ್ದೆಯ ಬದುವಿನ ಮೇಲೆ ನಡೆದವರಿಗೆ ಹುಲ್ಲಿನ ತೂಕವೇನೆಂಬುದು ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಲ್ಲ.

ಆದರೂ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಹಾಲು ಕರೆಯುವ ಒಂದು ಮಿಶ್ರತಳಿಯ ಹಸುವಿಗೆ ಒಣಮೇವಿನ ಜೊತೆಗೆ ದಿನಕ್ಕೆ 25ರಿಂದ 30 ಕಿಲೋ ಹಸಿಮೇವು ಬೇಕೆನ್ನುತ್ತಾರೆ ಬಲ್ಲವರು. ನಮ್ಮ ಅಣ್ಣನ ಮನೆಯಲ್ಲಿ ನಾಲ್ಕು ಹಸುಗಳಿದ್ದವು. ಕಡಿಮೆಯೆಂದರೂ ದಿನಕ್ಕೆ 100 ಕಿಲೋ ಆಯಿತು. ಹೊರೆಗೆ 25 ಕಿಲೋ ಎಂದರೆ ನಾಲ್ಕು ಹೊರೆ. ಗದ್ದೆ ಮನೆಯಿಂದ ಅರ್ಧ ಕಿಲೋಮೀಟರು. ಹೋಗಿ ಬರುವುದಕ್ಕೆ ಒಂದು. ನಾಲ್ಕು ಹೊರೆಗೆ ನಾಲ್ಕು ಕಿಲೋಮೀಟರು. ವರ್ಷಕ್ಕೆ 36 ಟನ್ನಿಗೂ ಮೀರಿದ ಭಾರ. ಹಸಿ ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿನಷ್ಟು ನೀರೇ ಇರುತ್ತದೆಯಾದ್ದರಿಂದ ಅದರಲ್ಲಿ 29 ಟನ್ನು ಬರಿಯ ನೀರು! ಇಷ್ಟನ್ನೂ ಹೊತ್ತದ್ದು ಒಂದೇ ಕುತ್ತಿಗೆ, ನನ್ನ ಅತ್ತಿಗೆಯವರದು.

2016ರ ಮಳೆಗಾಲದ ಒಂದು ಸಂಜೆ ಅತ್ತಿಗೆ ಹೊರೆಯ ಸಮೇತ ಬದುವಿನ ಮೇಲೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ನಿಜ. ಆದರೆ ಕುತ್ತಿಗೆಯ ಸವೆತ ಹಳೆಯದೆಂದೂ, ಇನ್ನು ಮುಂದೆ ತಲೆಯ ಮೇಲೆ ಒಂದು ಬಿಂದಿಗೆಯನ್ನೂ ಹೊರಬಾರದೆಂದೂ ವೈದ್ಯರು ಹೇಳಿದರು. ಮನೆಗೆ ಬಂದ ಅತ್ತಿಗೆ ಕೇಳಿದ ಮೊದಲ ಮಾತು, "ಹಂಗಾದ್ರೆ ನಾಳೀಕೆ ದನಕ್ಕೆ ಹುಲ್ಲು ತರೋರು ಯಾರು?" ಎಂದು. ಅಂದು ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಾಲ್ಕರಲ್ಲಿ ಎರಡು ಹಸುಗಳನ್ನು ಮಾರಿದರು.

ಆ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ನಾನು ಕಂಡದ್ದು 2019ರ ಬೇಸಗೆಯಲ್ಲಿ, ಬಹು ದೂರದ ಆಸ್ಟ್ರಿಯಾ ದೇಶದಲ್ಲಿ. ನನ್ನ ಮಗಳು ಅಲ್ಲಿ ಲಿಂಟ್ಸ್ ನಗರದ ಪಶ್ಚಿಮಕ್ಕಿರುವ ಒಂದು ಸಣ್ಣ ಊರಿನಲ್ಲಿ ವಾಸವಾಗಿದ್ದಳು. ಅವಳ ಮನೆಯ ಹಿಂದೆಯೇ ಹುಲ್ಲುಗಾವಲು, ಅದರಾಚೆ ಒಬ್ಬ ರೈತನ ಕೊಟ್ಟಿಗೆ. ಮೂವತ್ತು ಹಸುಗಳು, ನೋಡಿಕೊಳ್ಳುವವರು ಗಂಡ ಹೆಂಡತಿ ಇಬ್ಬರೇ. ಒಂದು ಬೆಳಿಗ್ಗೆ ಆತ ಟ್ರ್ಯಾಕ್ಟರಿಗೆ ಉದ್ದನೆಯ, ಎತ್ತರದ ಒಂದು ಬಂಡಿಯನ್ನು ಹೂಡಿಕೊಂಡು ಬಂದ. ಹಿಂದಿನ ದಿನ ಕೊಯ್ದು ಸಾಲುಗೂಡಿಸಿದ್ದ ಹುಲ್ಲಿನ ಮೇಲೆ ಬಂಡಿ ಸಾಗಿದಂತೆಲ್ಲ ಹುಲ್ಲು ತಾನಾಗಿಯೇ ಮೇಲೆದ್ದು ಬಂಡಿಯೊಳಕ್ಕೆ ಹೋಗುತ್ತಿತ್ತು. ಒಬ್ಬ ಆಳಿಲ್ಲ, ಕವೆಗೋಲಿಲ್ಲ. ನಾನು ಬೇಲಿಯ ಬಳಿ ನಿಂತು ಕಾಫಿ ಕುಡಿದು ಮುಗಿಸುವುದರೊಳಗೆ ಬಂಡಿ ತುಂಬಿತ್ತು.

ಈ ಬಂಡಿಗೆ ಜರ್ಮನ್ ಭಾಷೆಯಲ್ಲಿ 'ಲಾಡೆವಾಗನ್' ಎಂದು ಹೆಸರು. ಹೇರುಬಂಡಿ ಎಂದು ನಾವು ಕನ್ನಡಿಸಬಹುದು. ಅದು ಬಹಳ ಹಳೆಯ ಯಂತ್ರವೇನಲ್ಲ. ಎರಡನೆಯ ಮಹಾಯುದ್ಧದ ಅನಂತರ ಜರ್ಮನಿ ಆಸ್ಟ್ರಿಯಾಗಳ ಹಳ್ಳಿಗಳಿಂದ ಆಳುಕಾಳುಗಳು ಕಾರ್ಖಾನೆಗಳತ್ತ ಹೊರಟುಹೋದಾಗ, ಹುಲ್ಲನ್ನು ಗಾಡಿಗೆ ಎತ್ತಿ ಹಾಕುವವರೇ ಇಲ್ಲವಾದರು. ಎರ್ನ್ಸ್ಟ್ ವೈಶೆಲ್ ಎಂಬ ಜರ್ಮನ್ ತಂತ್ರಜ್ಞನು 1960ರ ಸುಮಾರಿನಲ್ಲಿ ತಾನೇ ಹೇರಿಕೊಳ್ಳುವ ಬಂಡಿಯನ್ನು ರೂಪಿಸಿದನು. ಆಸ್ಟ್ರಿಯಾದ ಗ್ರೀಸ್‌ಕಿರ್ಶೆನ್ ಎಂಬ ಊರಿನಲ್ಲಿ 1871ರಿಂದ ಕೃಷಿಯಂತ್ರಗಳನ್ನು ಮಾಡುತ್ತ ಬಂದಿರುವ ಪೋಟಿಂಗರ್ ಸಂಸ್ಥೆಯು 1963ರಲ್ಲಿ ತನ್ನ ಮೊದಲ ಹೇರುಬಂಡಿಯನ್ನು ಹೊರತಂದಿತು. ಮುಂದೆ ಆಲ್ಪ್ಸ್ ಪರ್ವತದ ತಪ್ಪಲಿನ ಹೈನುಗಾರರ ಕೊಟ್ಟಿಗೆಗಳಲ್ಲಿ ಅದು ಮನೆಯ ಸಾಮಾನಿನಂತಾಯಿತು.

ಇನ್ನು ಅದರ ರಚನೆಯನ್ನು ಸ್ವಲ್ಪ ವಿವರಿಸುತ್ತೇನೆ. ಬಂಡಿಯ ಮುಂಭಾಗದಲ್ಲಿ, ನೆಲಕ್ಕೆ ಸಮೀಪವಾಗಿ, ಉಕ್ಕಿನ ಕಡ್ಡಿಗಳನ್ನು ಹಲ್ಲುಗಳಂತೆ ಜೋಡಿಸಿದ ಒಂದು ಉರುಳೆಯಿದೆ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ದಂಡದಿಂದ ಅದಕ್ಕೆ ಶಕ್ತಿ ಬರುತ್ತದೆ. ಈ ಹಲ್ಲುಗಳು ಸಾಲುಹುಲ್ಲನ್ನು ಬಾಚಿ ಮೇಲೆತ್ತುತ್ತವೆ. ಅದರ ಹಿಂದಿನ ಇನ್ನೊಂದು ಉರುಳೆ ಹುಲ್ಲನ್ನು ಚೂರಿಗಳ ಸಾಲಿನ ನಡುವೆ ನೂಕಿ, ಬಂಡಿಯೊಳಕ್ಕೆ ಒತ್ತುತ್ತದೆ. ಚೂರಿಗಳನ್ನು ಬೇಕೆಂದರೆ ಹೂಡಬಹುದು, ಬೇಡವೆಂದರೆ ತೆಗೆಯಬಹುದು. ಸಣ್ಣಗೆ ಕತ್ತರಿಸುವ ಬಂಡಿಗಳಲ್ಲಿ ತುಣುಕಿನ ಉದ್ದ 35ರಿಂದ 45 ಮಿಲಿಮೀಟರಿನಷ್ಟು. ಬಂಡಿಯ ತಳದಲ್ಲಿ ಸರಪಳಿಗೆ ಅಡ್ಡಪಟ್ಟಿಗಳನ್ನು ಕಟ್ಟಿದ ಚಲಿಸುವ ನೆಲವಿದೆ. ಮುಂದೆ ಹುಲ್ಲು ತುಂಬಿದಂತೆ ಅದು ಹಿಂದಕ್ಕೆ ಸರಿಯುತ್ತದೆ. ಕೊಟ್ಟಿಗೆಗೆ ಬಂದಮೇಲೆ ಹಿಂಬಾಗಿಲು ತೆರೆದರೆ ಅದೇ ನೆಲ ಹುಲ್ಲನ್ನೆಲ್ಲ ಹೊರಕ್ಕೆ ತಳ್ಳುತ್ತದೆ. ಕೆಲವು ಬಂಡಿಗಳಲ್ಲಿ ಮುದ್ದೆಯಾದ ಹುಲ್ಲನ್ನು ಬಿಡಿಸಿ ಹರಡುವ ಉರುಳೆಗಳೂ, ಪಕ್ಕದ ಗೋದಲಿಗೆ ಸುರಿಯುವ ಅಡ್ಡಪಟ್ಟಿಯೂ ಇರುತ್ತವೆ.

ಎತ್ತುವುದು, ಕತ್ತರಿಸುವುದು, ಸಾಗಿಸುವುದು, ಸುರಿಯುವುದು: ನಾಲ್ಕು ಕೆಲಸ, ಒಂದು ಬಂಡಿ, ಒಬ್ಬ ಮನುಷ್ಯ. ಇದು ಅದರ ಮೊದಲ ಲಾಭ.

ಎರಡನೆಯದು ಹೊತ್ತಿನ ಲಾಭ. ಹುಲ್ಲಿಗೆ ಹೊತ್ತೆಂಬುದು ಬಹು ಮುಖ್ಯ. ಅಲ್ಲಿನ ಚಳಿಗಾಲ ದೀರ್ಘವಾದದ್ದು. ಬೇಸಗೆಯಲ್ಲಿ ಕೂಡಿಟ್ಟ ಮೇವಿನಿಂದಲೇ ಹಸುಗಳು ಬದುಕಬೇಕು. ಹುಲ್ಲನ್ನು ಕೊಯ್ದು, ನೂರಕ್ಕೆ 30ರಿಂದ 40 ಪಾಲು ಒಣ ಅಂಶ ಉಳಿಯುವಷ್ಟು ಬಾಡಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟರೆ ರಸಮೇವು ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದೂ. ಮೊಸರನ್ನು ಮಾಡುವ ಜಾತಿಯ ಸೂಕ್ಷ್ಮಜೀವಿಗಳೇ ಹುಲ್ಲಿನ ಸಕ್ಕರೆಯನ್ನು ಹುಳಿಯಾಗಿಸಿ ಅದನ್ನು ಕೆಡದಂತೆ ಕಾಯುತ್ತವೆ. ಆದರೆ ಬಾಡಿದ ಹುಲ್ಲಿನ ಮೇಲೆ ಮಳೆ ಬಿದ್ದರೆ ಸಾರವೆಲ್ಲ ತೊಳೆದು ಹೋಗುತ್ತದೆ. ಮೋಡ ಕವಿಯುವ ಮೊದಲು ಗದ್ದೆ ಬರಿದು ಮಾಡಬಲ್ಲ ಬಂಡಿಯಿದ್ದರೆ ಮೇವಿನ ಗುಣ ಉಳಿಯಿತು. ಕತ್ತರಿಸಿದ ಹುಲ್ಲು ಚೆನ್ನಾಗಿ ಅದುಮಿಕೊಳ್ಳುವುದರಿಂದ ಗಾಳಿಯೂ ಸುಲಭವಾಗಿ ಹೊರಹೋಗುತ್ತದೆ.

ಆಸ್ಟ್ರಿಯಾದಲ್ಲಿ ರಸಮೇವನ್ನು ಮುಟ್ಟದೆ, ಬೇಸಗೆಯಲ್ಲಿ ಹಸಿ ಹುಲ್ಲನ್ನೂ ಚಳಿಗಾಲದಲ್ಲಿ ಒಣಹುಲ್ಲನ್ನೂ ತಿನ್ನಿಸಿ ಹಾಲು ಪಡೆಯುವ ರೈತರೂ ಇದ್ದಾರೆ. ಇಂಥ 'ಹುಲ್ಲುಹಾಲಿ'ಗೆ 2016ರಲ್ಲಿ ಯೂರೋಪು ಒಕ್ಕೂಟವು ಸಾಂಪ್ರದಾಯಿಕ ವಿಶೇಷವೆಂಬ ಮನ್ನಣೆ ನೀಡಿದೆ. ಕೆಟ್ಟ ರಸಮೇವಿನಿಂದ ಬರುವ ಕೆಲವು ಸೂಕ್ಷ್ಮಜೀವಿಗಳು ಗಟ್ಟಿ ಚೀಸನ್ನು ಒಳಗಿನಿಂದ ಉಬ್ಬಿಸಿ ಒಡೆಯುತ್ತವೆಂಬುದು ಈ ನಿಷ್ಠೆಯ ಹಿಂದಿರುವ ಕಾರಣ. ಅವರ ಒಣಹುಲ್ಲನ್ನು ಅಟ್ಟಕ್ಕೆ ತಲುಪಿಸುವುದೂ ಇದೇ ಬಂಡಿ.

ಮೂರನೆಯ ಲಾಭ ಹಸುವಿನ ಹೊಟ್ಟೆಯದು. ಹಸು ಮೆಲುಕು ಹಾಕುವ ಪ್ರಾಣಿ. ಮೆಲುಕು ಹಾಕಿದಂತೆ ಜೊಲ್ಲು ಸುರಿಯುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಅದು ದಿನಕ್ಕೆ 100 ಲೀಟರನ್ನೂ ಮೀರುವುದುಂಟು. ಹೊಟ್ಟೆಯ ಹುಳಿಯನ್ನು ಹದದಲ್ಲಿಡುವುದು ಆ ಜೊಲ್ಲೇ. ಮೇವನ್ನು ಹಿಟ್ಟಿನಂತೆ ಸಣ್ಣಗೆ ಮಾಡಿದರೆ ಹಸು ಮೆಲುಕು ಮರೆಯುತ್ತದೆ. ತೀರ ಉದ್ದವಾಗಿ ಬಿಟ್ಟರೆ ಆರಿಸಿ ತಿಂದು, ಉಳಿದದ್ದನ್ನು ತುಳಿಯುತ್ತದೆ. ಹೇರುಬಂಡಿಯ ತುಣುಕು ಇವೆರಡರ ನಡುವಿನದು.

ಗುಣವನ್ನಷ್ಟೇ ಹೇಳಿ ದೋಷವನ್ನು ಮುಚ್ಚಿಟ್ಟರೆ ನಾನು ಯಂತ್ರ ಮಾರುವವನಾದೇನು. ತುಂಬಿದ ಬಂಡಿ ಬಹು ಭಾರ. ಒದ್ದೆ ನೆಲದ ಮೇಲೆ ಓಡಿಸಿದರೆ ಮಣ್ಣು ಗಡುಸಾಗಿ ಮುಂದಿನ ಹುಲ್ಲು ಸೊರಗುತ್ತದೆ. ಬಾಚುವ ಹಲ್ಲುಗಳನ್ನು ಅತಿಯಾಗಿ ಇಳಿಸಿದರೆ ಹುಲ್ಲಿನೊಡನೆ ಮಣ್ಣೂ ಬಂದು ರಸಮೇವು ನಾರುತ್ತದೆ. ಚೂರಿ ಮೊಂಡಾದರೆ ಎಣ್ಣೆಯ ಖರ್ಚು ಏರುತ್ತದೆ. ಇಳಿಜಾರಿನಲ್ಲಿ ಬಂಡಿ ಮಗುಚುವ ಭಯವುಂಟು. ಎಲ್ಲಕ್ಕಿಂತ ಮಿಗಿಲಾಗಿ, ಹುಲ್ಲು ಸಿಕ್ಕಿಕೊಂಡಾಗ ಟ್ರ್ಯಾಕ್ಟರನ್ನು ನಿಲ್ಲಿಸದೆ ಕೈಹಾಕಿದವನು ಕೈಯನ್ನೇ ಕಳೆದುಕೊಳ್ಳಬಹುದು. ತಿರುಗುವ ಉಕ್ಕಿಗೆ ಯಜಮಾನನೂ ಹುಲ್ಲೂ ಒಂದೇ.

ನಾನು ಊರಿಗೆ ಬಂದು ಇದನ್ನೆಲ್ಲ ವರ್ಣಿಸಿದಾಗ ಅಣ್ಣನ ಮಗ ಕಣ್ಣರಳಿಸಿ ಕೇಳಿದ: "ಚಿಕ್ಕಪ್ಪ, ಸಾಲ ಮಾಡಿ ಅಂಥದೊಂದು ತಂದರೆ ಹತ್ತು ಹಸು ಕಟ್ಟಬಹುದಲ್ಲವೆ?" ಅವನ ಆಸೆ ತಪ್ಪಲ್ಲ. ಆದರೆ ನಮ್ಮ ಹೊಲವನ್ನು ಎದುರಿಗಿಟ್ಟುಕೊಂಡು ಯೋಚಿಸಿದಾಗ ಬೇರೆಯೇ ಚಿತ್ರ ಕಂಡಿತು. ಆ ಬಂಡಿ ಹುಟ್ಟಿದ್ದು ಮೊಣಕಾಲೆತ್ತರದ ನವಿರು ಹುಲ್ಲಿಗಾಗಿ. ನಮ್ಮಲ್ಲಿ ಬೆಳೆಯುವ ನೇಪಿಯರ್ ಹುಲ್ಲು ಆಳೆತ್ತರ, ಕಬ್ಬಿನ ತಮ್ಮನಂಥ ದಂಟು. ಸಾಲು ಬಾಚುವ ಹಲ್ಲುಗಳಿಗೆ ಅದು ಒಗ್ಗುವುದಿಲ್ಲ. ಕುದುರೆಮೆಂತ್ಯಕ್ಕೇನೋ ಒಗ್ಗೀತು, ಆದರೆ ನಮ್ಮ ಕುದುರೆಮೆಂತ್ಯದ ಮಡಿ ಎಷ್ಟಗಲ? ಬಂಡಿ ತಿರುಗುವುದರೊಳಗೆ ಅದು ಪಕ್ಕದವರ ಗದ್ದೆಯಲ್ಲಿರುತ್ತದೆ! ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಯಂತ್ರಕ್ಕೂ ಸಲ್ಲುತ್ತದೆ.

ಹಾಗಾದರೆ ಆ ಬಂಡಿಯಿಂದ ನಾವು ಕಲಿಯಬೇಕಾದದ್ದು ಏನೂ ಇಲ್ಲವೆ? ಇದೆ. ಬಂಡಿಯನ್ನು ತರಲಾಗದಿದ್ದರೂ ಬಂಡಿಯ ಹಿಂದಿನ ವಿವೇಕವನ್ನು ತರಬಹುದು. ಮೇವನ್ನು ಮನುಷ್ಯನ ಕೈ ಎಷ್ಟು ಬಾರಿ ಎತ್ತಿ ಇಳಿಸುತ್ತದೆಯೆಂದು ಎಣಿಸು, ಒಂದೊಂದನ್ನೇ ಕಡಿಮೆ ಮಾಡು ಎನ್ನುವುದೇ ಆ ವಿವೇಕ. ಅಣ್ಣನ ಮಗ ಹಾಗೆಯೇ ಮಾಡಿದ. ಮೊದಲು ದೂರದ ಗದ್ದೆಯ ಬದಲು ಕೊಟ್ಟಿಗೆಯ ಹಿಂದಿನ ಹತ್ತು ಗುಂಟೆಯಲ್ಲಿ ನೇಪಿಯರ್ ನೆಟ್ಟ. ಹಿತ್ತಿಲಿನಿಂದ ಮಡಿಯವರೆಗೆ ಬದುವನ್ನು ಅಗಲಿಸಿ ಸಣ್ಣ ಗಾಡಿ ಹೋಗುವಷ್ಟು ದಾರಿ ಮಾಡಿದ. ಪವರ್ ಟಿಲ್ಲರಿಗೆ ಒಂದು ತಗ್ಗಿನ ಟ್ರೈಲರು ಕಟ್ಟಿಸಿದ. ಹುಲ್ಲನ್ನು ಸೊಂಟದ ಎತ್ತರಕ್ಕಿಂತ ಮೇಲೆತ್ತಬೇಕಾದ ಪ್ರಸಂಗವಿಲ್ಲ. ಮೇವು ಕತ್ತರಿಸುವ ಯಂತ್ರವನ್ನು ಗೋದಲಿಯ ಪಕ್ಕದಲ್ಲಿಯೇ ನಿಲ್ಲಿಸಿದ್ದರಿಂದ ಕತ್ತರಿಸಿದ ಮೇವನ್ನು ಮತ್ತೆ ಹೊರುವಂತಿಲ್ಲ. ಮಳೆಗಾಲದ ಮುಸುಕಿನ ಜೋಳವನ್ನು ರಸಮೇವು ಮಾಡುವಾಗ ಊರಿನ ನಾಲ್ಕು ಮನೆಯವರು ಕೂಡಿ ದೊಡ್ಡ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ತಂದರು. ಒಬ್ಬನಿಗೆ ಭಾರವಾದದ್ದು ನಾಲ್ವರಿಗೆ ಹಗುರ.

ಮಿತ್ರರೆ, ಈ ಸಂದರ್ಭದಲ್ಲಿ ಒಂದು ಮಾತನ್ನು ನೊಂದು ಹೇಳಬೇಕಾಗಿದೆ. 1970ರಲ್ಲಿ ಕ್ಷೀರಪ್ರವಾಹ ಯೋಜನೆ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ಹುಟ್ಟಿದ ಡೈರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಳ್ಳಿಯ ಹಾಲು ಕ್ಯಾನಿನಲ್ಲಿ, ಟ್ಯಾಂಕರಿನಲ್ಲಿ, ತಂಪಾಗಿ, ಒಂದು ತೊಟ್ಟೂ ಕೆಡದಂತೆ ಪಟ್ಟಣವನ್ನು ಸೇರುವ ವ್ಯವಸ್ಥೆ ಬೆಳೆದು ಬಂದಿತು. ಅದು ನಾವೆಲ್ಲ ಹೆಮ್ಮೆಪಡಬೇಕಾದ ಸಾಧನೆ. ಆದರೆ ಹಾಲಿಗೆ ದಾರಿ ಮಾಡಿದ ನಾವು ಹುಲ್ಲಿಗೆ ದಾರಿ ಮಾಡಲು ಮರೆತೆವು. ಕೊಟ್ಟಿಗೆಯಿಂದ ಪಟ್ಟಣದವರೆಗಿನ ನೂರು ಕಿಲೋಮೀಟರಿಗೆ ಚಕ್ರ ಬಂದಿತು. ಗದ್ದೆಯಿಂದ ಕೊಟ್ಟಿಗೆಯವರೆಗಿನ ಅರ್ಧ ಕಿಲೋಮೀಟರಿಗೆ ಹೆಣ್ಣುಮಕ್ಕಳ ತಲೆಯೇ ಉಳಿಯಿತು. ಹಾಲಿನ ಲೆಕ್ಕ ಸಂಘದ ಪುಸ್ತಕದಲ್ಲಿ ತೊಟ್ಟುತೊಟ್ಟಿಗೂ ದಾಖಲಾಗುತ್ತದೆ. ಹುಲ್ಲಿನ ಹೊರೆಯ ಲೆಕ್ಕವನ್ನು ಬರೆದಿಟ್ಟವರು ಯಾರು? ಅದು ಬರೆದದ್ದು ಕುತ್ತಿಗೆಯ ಮೂಳೆಯಲ್ಲಿ.

ಯಂತ್ರ ಕೊಳ್ಳಲು ಹೊರಟ ರೈತಮಿತ್ರರಿಗೆ ನನ್ನ ವಿನಂತಿ ಇಷ್ಟೆ. ಬೆಲೆಯನ್ನು ಕೇಳುವುದಕ್ಕೆ ಮೊದಲು, ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕಿಲೋ ಮೇವು, ಎಷ್ಟು ದೂರದಿಂದ, ಯಾರ ತಲೆಯ ಮೇಲೆ ಬರುತ್ತಿದೆ ಎಂಬುದನ್ನು ಒಂದು ವಾರ ಬರೆದಿಡಿ. ಆ ಲೆಕ್ಕವೇ ನಿಮಗೆ ಬೇಕಾದದ್ದು ದೊಡ್ಡ ಬಂಡಿಯೊ, ಸಣ್ಣ ಗಾಡಿಯೊ, ಇಲ್ಲವೆ ಬರಿಯ ಒಂದು ಅಗಲವಾದ ಬದುವೊ ಎಂಬುದನ್ನು ಹೇಳುತ್ತದೆ.

ಕಳೆದ ಸಲ ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಮತ್ತೆ ನಾಲ್ಕು ಹಸುಗಳಿದ್ದವು. ಅತ್ತಿಗೆ ಜಗಲಿಯ ಮೇಲೆ ಕುಳಿತು, ಹುಲ್ಲು ತುಂಬಿ ಬರುತ್ತಿದ್ದ ಟ್ರೈಲರನ್ನು ನೋಡುತ್ತಿದ್ದರು. "ಹೇಗಿದೆ ಅತ್ತಿಗೆ, ನಿಮ್ಮ ಹೊಸ ಬಂಡಿ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆಂದಾಗೈತೆ ಕಣಪ್ಪ. ಇಪ್ಪತ್ತು ವರ್ಷ ತಡವಾಗಿ ಬಂತು, ಅಷ್ಟೇಯ" ಎಂದರು.

ಆ ಇಪ್ಪತ್ತು ವರ್ಷಗಳನ್ನು ಅವರಿಗೆ ಹಿಂದಿರುಗಿಸುವ ಯಂತ್ರ ಯಾವ ದೇಶದಲ್ಲಿಯೂ ಇಲ್ಲ. ಆದರೆ ಇಂದು ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಹೊರೆಗೆ ಸಿಂಬೆ ಸುತ್ತುತ್ತಿರುವ ಸೊಸೆಯಂದಿರ ಕುತ್ತಿಗೆ ಇನ್ನೂ ನೆಟ್ಟಗಿದೆ. ಅದನ್ನು ಹಾಗೆಯೇ ಉಳಿಸುವುದು ನಮ್ಮ ಕೈಯಲ್ಲಿದೆ.