ಪಾಲುದಾರನ ಖಾತೆ

‘ಪಾಲುದಾರ’ ಎಂಬ ಮಾತು ಈಚೆಗೆ ಬಹಳ ಅಗ್ಗವಾಗಿದೆ. ಶಾಲೆಗೆ ನಾಲ್ಕು ಬೆಂಚು ಕೊಟ್ಟ ಕಾರ್ಖಾನೆ, ಗಣೇಶನ ಪೆಂಡಾಲಿಗೆ ಬ್ಯಾನರ್ ಕಟ್ಟಿಸಿದ ಅಂಗಡಿ, ರಕ್ತದಾನ ಶಿಬಿರಕ್ಕೆ ಬಿಸ್ಕತ್ತು ಕಳಿಸಿದ ಕಚೇರಿ, ಎಲ್ಲರೂ ತಾವು ಊರಿನ ಪಾಲುದಾರರೆಂದೇ ಹೇಳಿಕೊಳ್ಳುತ್ತಾರೆ. ವ್ಯವಹಾರ ಬಲ್ಲವರಿಗೆ ಈ ಪದ ಅಷ್ಟು ಹಗುರವಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪಾಲುದಾರರು ಲಾಭವನ್ನು ಸಮನಾಗಿ ಹಂಚಿಕೊಳ್ಳಬೇಕು, ನಷ್ಟವನ್ನೂ ಸಮನಾಗಿ ಹೊರಬೇಕು. ಸಂಸ್ಥೆಯ ಹೆಸರಿನಲ್ಲಿ ಒಬ್ಬ ಮಾಡಿದ ಸಾಲಕ್ಕೆ ಉಳಿದವರೂ ಹೊಣೆ; ಸಂಸ್ಥೆಯ ತಿಜೋರಿ ಬರಿದಾದರೆ ಸಾಲ ಕೊಟ್ಟವನು ಅವರ ಮನೆ ಬಾಗಿಲಿಗೂ ಬರಬಹುದು. ಗೆದ್ದಾಗ ಕೈ ಚಾಚುವವನು ಗಿರಾಕಿ, ಸೋತಾಗಲೂ ಹೆಗಲು ಕೊಡುವವನು ಪಾಲುದಾರ. ಒಂದು ಊರಿಗೂ ಅಲ್ಲಿ ಅನ್ನ ಸಂಪಾದಿಸುವ ಸಂಸ್ಥೆಗೂ ಇರುವ ಸಂಬಂಧಕ್ಕೆ ಇದೇ ಅಳತೆಗೋಲನ್ನು ಇಟ್ಟು ನೋಡಿದರೆ ಹೇಗೆ? ಈ ಬೆಳಗಿನ ಚಿಂತನ ಅದರ ಬಗ್ಗೆ.

ನಾಸಿಕದ ಅಂಚಿನಲ್ಲಿ ಅಂಬಡ್ ಎಂಬ ಕೈಗಾರಿಕಾ ವಸಾಹತು ಇದೆ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ರೂಪಿಸಿದ ವಸಾಹತುಗಳಲ್ಲಿ ಅದೂ ಒಂದು. ಬೆಂಗಳೂರಿನ ನಮ್ಮ ಪೀಣ್ಯ ಕಂಡವರಿಗೆ ಅಂಬಡ್ ಹೊಸದೆನಿಸುವುದಿಲ್ಲ. ದೊಡ್ಡ ಕಂಪನಿಗಳ ನೆರಳಿನಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಶೆಡ್ಡುಗಳು, ಆ ಶೆಡ್ಡುಗಳ ಲೆಕ್ಕ ಬರೆಯುವ, ಕರಾರು ತಿದ್ದುವ, ನಕ್ಷೆ ಹಾಕಿಕೊಡುವ ವೃತ್ತಿಪರರ ಕಚೇರಿಗಳು. ಇವರೆಲ್ಲ ಸಮಾಜಕ್ಕೆ ಏನು ಕೊಡಬೇಕು ಎಂದು ಕಾನೂನನ್ನು ಕೇಳಿದರೆ ಅದು ಬಹುಮಟ್ಟಿಗೆ ಮೌನ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಹೊಣೆ ಹೊರಿಸುವುದು 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ. ಅವು ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನಾಲ್ಕು ಲೇತ್ ಇಟ್ಟುಕೊಂಡ ಶೆಡ್ಡು ಈ ಗೆರೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಇಬ್ಬರು ಮೂವರು ಪಾಲುದಾರರು ನಡೆಸುವ ಲೆಕ್ಕಪರಿಶೋಧಕರ ಕಚೇರಿಯಂತೂ ಆ ಕಾಯ್ದೆಯ ಅರ್ಥದಲ್ಲಿ ಕಂಪನಿಯೇ ಅಲ್ಲ. ಕಾನೂನು ಬಿಟ್ಟುಕೊಟ್ಟ ಈ ಜಾಗದಲ್ಲಿ ಏನು ಮಾಡುತ್ತೇವೆಂಬುದು ಪೂರ್ತಿ ನಮ್ಮ ಮನಸ್ಸಿಗೆ ಬಿಟ್ಟದ್ದು. ಹಾಗಾಗಿಯೇ ನೀತಿಯ ಮಾತು ಇಲ್ಲಿ ಮುಖ್ಯವಾಗುತ್ತದೆ.

ಸಣ್ಣ ಸಂಸ್ಥೆಯ ಬಳಿ ಹಣ ಕಡಿಮೆ ಇರಬಹುದು, ಕಸುಬಿಗೆ ಬರವಿಲ್ಲ. ಮೈಕ್ರೋಮೀಟರ್ ಎಂಬ ಅಳತೆಯ ಉಪಕರಣವನ್ನು ನೆನೆಯಿರಿ. ಅದರ ತಿರುಗಣೆ ಒಂದು ಸುತ್ತು ಬಂದರೆ ಅರ್ಧ ಮಿಲಿಮೀಟರ್ ಮುಂದೆ ಸರಿಯುತ್ತದೆ; ಅದರ ಮೇಲೆ 50 ಗೀಟುಗಳು, ಒಂದೊಂದು ಗೀಟಿಗೆ ಮಿಲಿಮೀಟರಿನ ನೂರನೇ ಒಂದು ಪಾಲು. ಐಟಿಐಯ ಹುಡುಗ ಇದನ್ನು ಪುಸ್ತಕದಲ್ಲಿ ಓದಿರುತ್ತಾನೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾನೆ. ಆದರೆ ಎಷ್ಟು ಬಿಗಿಯಬೇಕು, ಕೊನೆಯ ಕೀಲು ಟಿಕ್ಕೆಂದಾಗ ಬೆರಳು ಎಲ್ಲಿ ನಿಲ್ಲಬೇಕು ಎಂಬುದು ಕೈಯಿಂದ ಕೈಗೆ ಬರಬೇಕಾದ ವಿದ್ಯೆ. ತುಸು ಹೆಚ್ಚು ಬಿಗಿದರೆ ಅಳತೆ ಸುಳ್ಳು, ಆ ಅಳತೆಯನ್ನು ನಂಬಿ ಕಡೆದ ಬಿಡಿಭಾಗ ಗುಜರಿಗೆ. ಆ ಐಟಿಐಗೆ ಹೊಸ ಉಪಕರಣದ ಪೆಟ್ಟಿಗೆ ಕೊಟ್ಟು ಫೋಟೊ ತೆಗೆಸಿಕೊಳ್ಳಲು ಅರ್ಧ ಗಂಟೆ ಸಾಕು. ನುರಿತ ಕೆಲಸಗಾರನೊಬ್ಬ ವಾರಕ್ಕೊಂದು ಮಧ್ಯಾಹ್ನ ಆ ಹುಡುಗನ ಪಕ್ಕ ನಿಲ್ಲಬೇಕೆಂದರೆ ಮಾಲೀಕ ಅಷ್ಟು ಹೊತ್ತಿನ ಉತ್ಪಾದನೆ ಬಿಡಬೇಕು, ಹುಡುಗ ಕೆಡಿಸುವ ಕಬ್ಬಿಣವನ್ನೂ ಸಹಿಸಬೇಕು. ನಷ್ಟದಲ್ಲಿ ಪಾಲು ಎಂದರೆ ಇದು. 2007-08ರಲ್ಲಿ ಕೇಂದ್ರ ಸರ್ಕಾರ 1396 ಸರ್ಕಾರಿ ಐಟಿಐಗಳನ್ನು ಉದ್ಯಮದ ಸಹಭಾಗಿತ್ವದಲ್ಲಿ ಮೇಲೆತ್ತುವ ಯೋಜನೆ ತಂದಾಗ, ಸಂಸ್ಥೆಯೊಂದಕ್ಕೆ ಎರಡೂವರೆ ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ಆಡಳಿತ ಸಮಿತಿಯ ಅಧ್ಯಕ್ಷ ಸ್ಥಾನವನ್ನು ಉದ್ಯಮದ ಪ್ರತಿನಿಧಿಗೇ ಬಿಟ್ಟಿತು. ಹಣವೂ ಬಂತು, ಕುರ್ಚಿಯೂ ಬಂತು. ಆದರೆ ಕುರ್ಚಿಯಲ್ಲಿ ಕೂತವರು ಕಾರ್ಯಾಗಾರದ ಒಳಗೆ ಕಾಲಿಡದಿದ್ದರೆ ಆ ಸಹಭಾಗಿತ್ವ ಕಡತದಲ್ಲೇ ಉಳಿಯುತ್ತದೆ.

ಒಂಟಿ ಸಂಸ್ಥೆಯ ಕೈಲಾಗದ್ದನ್ನು ಹಲವರು ಕೂಡಿ ಮಾಡಬಹುದು, ಅಂಥ ಒಗ್ಗಟ್ಟಿಗೆ ನಮ್ಮಲ್ಲಿ ಕೊರತೆಯೇನಿಲ್ಲ. ಈಗ ಛತ್ರಪತಿ ಸಂಭಾಜಿನಗರ ಎನಿಸಿರುವ ಔರಂಗಾಬಾದಿನಲ್ಲಿ 2010ರ ಅಕ್ಟೋಬರ್‌ನಲ್ಲಿ ಉದ್ಯಮಿಗಳು, ವೃತ್ತಿಪರರು ಒಂದಾಗಿ ಒಂದೇ ಸಲಕ್ಕೆ ಸುಮಾರು 150 ಮರ್ಸಿಡಿಸ್ ಕಾರು ಖರೀದಿಸಿ ದೇಶದ ಕಣ್ಣು ತಮ್ಮತ್ತ ತಿರುಗುವಂತೆ ಮಾಡಿದರು. ಒಟ್ಟು ಬೆಲೆ ಸುಮಾರು 65 ಕೋಟಿ ರೂಪಾಯಿ. ದುಡಿದವರು ಕಾರು ಕೊಂಡರೆ ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಒಟ್ಟಾಗಿ ಹೋದರೆ ಬೆಲೆಯೂ ಬಡ್ಡಿಯೂ ಇಳಿಯುತ್ತದೆ ಎಂಬ ಅವರ ಲೆಕ್ಕಾಚಾರ ಜಾಣತನದ್ದೇ. ಅದೇ ಊರಿನಲ್ಲಿ ಇದಕ್ಕೂ ಎರಡು ದಶಕ ಮೊದಲು ಇನ್ನೊಂದು ಬಗೆಯ ಒಗ್ಗಟ್ಟು ನಡೆದಿತ್ತು. 1989ರಲ್ಲಿ ಕೆಲವು ಯುವ ವೈದ್ಯರು ಸೇರಿ ಡಾ. ಹೆಡ್ಗೇವಾರ್ ರುಗ್ಣಾಲಯ ಕಟ್ಟಿದರು. ಒಬ್ಬೊಬ್ಬರೂ ಬೇರೆ ಬೇರೆ ಬೋರ್ಡು ಹಾಕಿಕೊಂಡು ಗಳಿಸಬಹುದಾಗಿದ್ದ ವಿದ್ಯೆ ಅದು. ಅದನ್ನು ಒಂದೆಡೆ ಸೇರಿಸಿ, ಕೊಳೆಗೇರಿ ಮತ್ತು ಹಳ್ಳಿಗಳಲ್ಲಿ ದುಡಿಯುವ ಸಾವಿತ್ರೀಬಾಯಿ ಫುಲೆ ಹೆಸರಿನ ಸೋದರ ಸಂಸ್ಥೆಯನ್ನೂ ಜೊತೆಗಿಟ್ಟುಕೊಂಡು, ಆಸ್ಪತ್ರೆಯ ಬಾಗಿಲಿಗೆ ಬರಲಾರದವರ ಕೇರಿಗೆ ತಾವೇ ಹೋದರು. ಕೂಡಿ ಕೊಳ್ಳುವುದು ಒಂದು ದಿನದಲ್ಲಿ ಮುಗಿಯುತ್ತದೆ, ಕೂಡಿ ಕೊಡುವುದಕ್ಕೆ ಆಯುಷ್ಯವೇ ಬೇಕಾಗುತ್ತದೆ.

ನಮ್ಮ ಕರಾವಳಿಯ ಕಥೆ ಈ ಮಾತಿಗೆ ಇನ್ನಷ್ಟು ಗಟ್ಟಿಯಾದ ಆಧಾರ. ಕಷ್ಟಕ್ಕೆ ಸಿಕ್ಕಿದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು 8000 ರೂಪಾಯಿ ಬಂಡವಾಳದಿಂದ ಶುರು ಮಾಡಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು, ಬ್ಯಾಂಕಿನ ಜನ ಮನೆ ಬಾಗಿಲಿಗೇ ಬಂದು ಬರೆದುಕೊಂಡು ಹೋಗುತ್ತಿದ್ದರು. ಹನಿಗೂಡಿ ಹಳ್ಳವಾಯಿತು, ಆ ಹಳ್ಳದಲ್ಲಿ ಬ್ಯಾಂಕೂ ಬೆಳೆಯಿತು. 1982ರಲ್ಲಿ ಅದೇ ಬ್ಯಾಂಕು, ಕೆನರಾ ಬ್ಯಾಂಕು ಮತ್ತು ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ತರಬೇತಿ ಸಂಸ್ಥೆ ತೆರೆದವು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ, ತರಬೇತಿ ಉಚಿತ. ಆದರೆ ಅದರ ಜೀವ ಇರುವುದು ತರಬೇತಿ ಮುಗಿದ ಮೇಲಿನ ಎರಡು ವರ್ಷದಲ್ಲಿ. ಪ್ರಮಾಣಪತ್ರ ಕೊಟ್ಟು ಕೈ ತೊಳೆದುಕೊಳ್ಳದೆ, ಮೊಬೈಲ್ ರಿಪೇರಿ ಕಲಿತವನು ಅಂಗಡಿ ಇಟ್ಟನೇ, ಹೊಲಿಗೆ ಕಲಿತವಳಿಗೆ ಸಾಲ ಸಿಕ್ಕಿತೇ ಎಂದು ಬೆನ್ನಹಿಂದೆ ನಿಂತು ವಿಚಾರಿಸುವ ಪದ್ಧತಿ ಅದು.

ಸಂಸ್ಥೆಗಳು ಊರಿನ ಹೊಣೆಯನ್ನೂ ಹೊರಬೇಕೆಂಬ ಮಾತಿಗೆ ಎದುರು ಮಾತುಗಳೂ ಉಂಟು, ಅವು ಕಡೆಗಣಿಸುವಂಥವಲ್ಲ. ಸಂಸ್ಥೆ ತನ್ನ ಕೆಲಸ ನೆಟ್ಟಗೆ ಮಾಡಿ, ಸಂಬಳವನ್ನೂ ತೆರಿಗೆಯನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಲದೇ ಎಂಬುದು ಮೊದಲನೆಯದು. ಅದು ಮೊದಲ ಕರ್ತವ್ಯ ಎಂಬುದನ್ನು ಪೂರ್ತಿ ಒಪ್ಪಬೇಕು. ಕೂಲಿಗೆ ಓವರ್‌ಟೈಮ್ ಕೊಡದೆ, ಬಣ್ಣದ ನೀರನ್ನು ನಾಲೆಗೆ ಬಿಟ್ಟು, ಶಾಲೆಗೆ ನೋಟ್‌ಬುಕ್ಕು ಹಂಚುವ ಮಾಲೀಕ ಊರಿಗೆ ಉಪಕಾರಿ, ಮನೆಗೆ ಮಾರಿ. ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಋಣ ತೀರುವುದಿಲ್ಲ. ವಸಾಹತಿನ ನೆಲ ಯಾರೋ ರೈತರ ಹೊಲವಾಗಿತ್ತು, ಕುಡಿಯುವ ನೀರು ಊರಿನದು, ಯಂತ್ರದ ಮುಂದೆ ನಿಂತವನಿಗೆ ಅಕ್ಷರ ಕಲಿಸಿದ್ದು ಸರ್ಕಾರಿ ಶಾಲೆ. ಇಂಥ ಸೇವೆಯೆಲ್ಲ ಬರೀ ಪ್ರಚಾರ ಎನ್ನುವುದು ಎರಡನೆಯ ಆಕ್ಷೇಪ. ಹಲವು ಕಡೆ ನಿಜವೇ. ಹೆಸರು ಬಂದರೆ ಕೆಡುಕಿಲ್ಲ. ಬೋರ್ಡು ಕಳಚಿದ ಮೇಲೂ ಕೆಲಸ ನಡೆಯುತ್ತದೆಯೇ, ಏನು ಬೇಕೆಂದು ಹೇಳುವ ಹಕ್ಕು ಪಡೆಯುವವರಿಗೆ ಇದೆಯೇ ಎಂದು ಕೇಳಿದರೆ ಜೊಳ್ಳು ಗಟ್ಟಿ ತಾನಾಗಿ ಬೇರೆಯಾಗುತ್ತದೆ. ಖಾಸಗಿಯವರು ಕೈ ಹಾಕಿದಷ್ಟೂ ಸರ್ಕಾರ ಕೈಬಿಡುತ್ತದೆ ಎಂಬ ಮೂರನೆಯ ಅಂಜಿಕೆಗೆ ಉಜಿರೆಯೇ ಉತ್ತರ. ಅಲ್ಲಿನ ಮಾದರಿಯನ್ನು ನೋಡಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಿಂದ ಜಿಲ್ಲೆಗೊಂದು ಇಂಥ ಸಂಸ್ಥೆ ತೆರೆಯಲು ಬ್ಯಾಂಕುಗಳನ್ನು ತೊಡಗಿಸಿತು. ಒಳ್ಳೆಯ ಪಾಲುದಾರಿಕೆ ಸರ್ಕಾರಕ್ಕೆ ರಜೆ ಕೊಡುವುದಿಲ್ಲ, ಪಾಠ ಹೇಳುತ್ತದೆ.

ಲೆಕ್ಕ ಬಲ್ಲವರಿಗೆ ಒಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ಪಾಲುದಾರಿಕೆ ಸಂಸ್ಥೆಯ ಪುಸ್ತಕದಲ್ಲಿ ಪ್ರತಿಯೊಬ್ಬ ಪಾಲುದಾರನಿಗೂ ಒಂದು ಬಂಡವಾಳ ಖಾತೆ ಇರುತ್ತದೆ. ಯಾರು ಎಷ್ಟು ಹಾಕಿದರು, ಯಾರಿಗೆ ಎಷ್ಟು ಬಾಕಿ ಎಂಬುದು ಅಲ್ಲಿ ಗೊತ್ತಾಗುತ್ತದೆ. ಶಾಲೆಗೆ ಕೊಟ್ಟ ಬೆಂಚಿನ ಹಣ ಸಾಮಾನ್ಯವಾಗಿ ಹೋಗಿ ಕೂರುವುದು ಖರ್ಚಿನ ಕಡೆಗೆ, ಎಷ್ಟೋ ಸಲ ಜಾಹೀರಾತಿನ ಸಾಲಿಗೆ. ಊರು ಹಾಕಿದ ಬಂಡವಾಳ, ಆ ನೆಲ, ಆ ನೀರು, ಅಕ್ಷರ ಕಲಿತು ಬಂದ ಆ ಹುಡುಗ, ಇವುಗಳನ್ನು ಯಾವ ಪುಟದಲ್ಲಿ ಬರೆದಿದ್ದೇವೆ? ಆ ಪುಟ ತೆರೆದವರು ಮಾತ್ರ ತಮ್ಮನ್ನು ಪಾಲುದಾರರೆಂದು ಕರೆದುಕೊಳ್ಳಲಿ.