ವಾಹನ ವಿಮೆ ತಾನಾಗಿ ನವೀಕರಣವಾದರೆ ಲಾಭವೇ, ನಷ್ಟವೇ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಕಾರ್ಯಕ್ರಮದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘ 25 ವರ್ಷ ಪೂರೈಸಿರುವ ಈ ಶುಭ ಸಂದರ್ಭದಲ್ಲಿ ನನಗೆ ವಹಿಸಿರುವ ವಿಷಯ ವಾಹನ ವಿಮೆ. ಸಂಘ ಶುರುವಾದಾಗ ಊರಿಗೆ ಒಂದು ಕಾರು ಬಂದರೆ ಯಾರ ಮನೆಗೆ ನೆಂಟರು ಬಂದರು ಅಂತ ಹೊರಗೆ ಬಂದು ನೋಡುತ್ತಿದ್ದೆವು. ಈಗ ಹಳೆಯದೋ ಹೊಸದೋ ಕಾರು, ತರಕಾರಿ ಸಾಗಿಸುವ ಪಿಕಪ್, ಬೈಕು ಎಲ್ಲ ಮನೆಗಳಿಗೂ ಬಂದಿವೆ. ಗಾಡಿ ಹೆಚ್ಚಾದ ಹಾಗೆ ವಿಮೆಯ ತೊಡಕೂ ಹೆಚ್ಚಾಗಿದೆ. "ನನ್ನನ್ನು ಕೇಳದೆ ಖಾತೆಯಿಂದ ದುಡ್ಡು ಹೋಯ್ತು, ಪಾಲಿಸಿ ತಾನಾಗಿ ನವೀಕರಣ ಆಯ್ತು, ರದ್ದು ಮಾಡಿ ಅಂದರೆ ಮುರಿದುಕೊಂಡು ಕೊಡ್ತಾರೆ" ಎಂಬ ದೂರು ಹಲವರಿಂದ ಕೇಳಿದ್ದೇನೆ.

ನಿಜ ಹೇಳಬೇಕೆಂದರೆ ನಮ್ಮನ್ನು ಒಂದು ಸಲ ಕೇಳಿರುತ್ತಾರೆ. ಸಾಲ ಮಾಡಿ ಗಾಡಿ ಕೊಳ್ಳುವಾಗ ಹತ್ತಾರು ಕಾಗದಕ್ಕೆ ಸಹಿ ಹಾಕುತ್ತೇವೆ. ಅದರೊಳಗೆ ಪ್ರತಿ ವರ್ಷ ವಿಮೆಯ ಕಂತನ್ನು ಖಾತೆಯಿಂದ ತೆಗೆದುಕೊಳ್ಳಬಹುದು ಎಂಬ ಒಪ್ಪಿಗೆಯೂ ಇರಬಹುದು. ಮೊಬೈಲಿನಲ್ಲಿ ಪಾಲಿಸಿ ಮಾಡಿಸಿದರೆ ಅಲ್ಲೊಂದು ಗುರುತು ಒತ್ತಿರುತ್ತೇವೆ. ಆಮೇಲೆ ನಾವು ಸುಮ್ಮನಿದ್ದರೆ ಒಪ್ಪಿದ ಹಾಗೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇದು ನಮಗೆ ಹೊಸದೇನಲ್ಲ. ಬೆಳೆ ವಿಮೆಯನ್ನೇ ನೋಡಿ. 2016ರಲ್ಲಿ ಫಸಲ್ ಬಿಮಾ ಯೋಜನೆ ಬಂದಾಗ ಬೆಳೆ ಸಾಲ ಪಡೆದವರಿಗೆ ಅದು ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಐಚ್ಛಿಕವಾಯಿತು. ಆದರೆ ಬೇಡ ಎನ್ನುವ ಸಾಲಗಾರ ರೈತರು ಕೊನೆಯ ದಿನಾಂಕಕ್ಕಿಂತ 7 ದಿನ ಮೊದಲೇ ಬರೆದುಕೊಡಬೇಕು. ಬರೆದುಕೊಡದಿದ್ದರೆ ಕಂತು ಕಡಿತವಾಗುತ್ತದೆ.

ಹಾಗಾದರೆ ತಾನಾಗಿ ನವೀಕರಣವಾಗುವುದು ಕೆಟ್ಟದ್ದೇ? ಹಾಗೆ ಹೇಳಲಾರೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ಇಟ್ಟಿದ್ದಾರೆ, ಮೂರು ತಿಂಗಳವರೆಗೆ ಜೈಲೂ ಇದೆ. ದಂಡ ಹೋಗಲಿ, ಕಟ್ಟಬಹುದು. ವಿಮೆ ಮುಗಿದ ಮಾರನೇ ದಿನ ಗಾಡಿ ಯಾರಿಗಾದರೂ ತಗುಲಿ ಪ್ರಾಣ ಹೋದರೆ, ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಮಾಲೀಕನೇ ಕಟ್ಟಬೇಕು. ಅದು ಲಕ್ಷಗಟ್ಟಲೆ. ನಮ್ಮಂಥವರಿಗೆ ಜಮೀನು ಬಿಟ್ಟರೆ ಬೇರೆ ದಾರಿ ಎಲ್ಲಿದೆ? ಮರೆಯುವ ಸ್ವಭಾವದವರಿಗೆ ತಾನಾಗಿ ಆಗುವ ನವೀಕರಣ ಒಂದು ರಕ್ಷಣೆಯೇ ಸರಿ.

ತೊಂದರೆ ಎಲ್ಲಿ ಅಂದರೆ, ನೋಡದೆ ಬಿಡುವುದರಲ್ಲಿ. ನಮ್ಮ ನೆಂಟರೊಬ್ಬರು ಪರಿಚಯದ ಏಜೆಂಟರ ಮೂಲಕ ಕಾರಿಗೆ ಕಡಿಮೆ ಕಂತಿನ ಹೊಸ ಪಾಲಿಸಿ ಮಾಡಿಸಿದರು. ಹಳೆಯ ಕಂಪನಿಗೆ ಏನೂ ತಿಳಿಸಲಿಲ್ಲ. ಆ ಕಂಪನಿಯೂ ದಿನಾಂಕಕ್ಕೆ ಸರಿಯಾಗಿ ಕಂತು ತೆಗೆದುಕೊಂಡಿತು. ಒಂದೇ ಕಾರಿಗೆ ಎರಡು ವಿಮೆ! ಅಪಘಾತವಾದರೆ ಎರಡು ಕಡೆಯಿಂದಲೂ ಪೂರ್ತಿ ರಿಪೇರಿ ಹಣ ಸಿಗುವುದಿಲ್ಲ, ಅದು ತಮಗೆ ಗೊತ್ತಿರಲಿ.

ಇನ್ನೊಬ್ಬರು ಕಾರು ಮಾರಿದ ಮೇಲೂ ಒಂದು ವರ್ಷ ಕಂತು ಕಟ್ಟಿದರು. ಗಾಡಿ ಮಾರಿದಾಗ ಹಣದ ಒಪ್ಪಿಗೆಯನ್ನು ಬ್ಯಾಂಕಿನಲ್ಲಿ ನಿಲ್ಲಿಸಬೇಕು. ಜೊತೆಗೆ ಆರ್.ಸಿ.ಯಲ್ಲಿ ಹೆಸರು ಬದಲಾಯಿತೇ ಅಂತ ನೋಡಬೇಕು. ಹೆಸರು ಬದಲಾಗುವ ತನಕ ದಾಖಲೆಯಲ್ಲಿರುವವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಹಳೆ ಗಾಡಿ ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಈಗ ರದ್ದತಿಯ ವಿಚಾರ. ಹಳೆಯ ದರಪಟ್ಟಿಯಲ್ಲಿ 6 ತಿಂಗಳು ನಡೆದ ಪಾಲಿಸಿ ರದ್ದು ಮಾಡಿದರೆ ವರ್ಷದ ಕಂತಿನಲ್ಲಿ ಶೇ. 70 ಮುರಿದುಕೊಳ್ಳುತ್ತಿದ್ದರು. 8 ತಿಂಗಳು ದಾಟಿದರೆ ಏನೂ ವಾಪಸ್ಸಿಲ್ಲ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಸರಿಪಡಿಸಿತು. ನಾವು ಕಾರಣ ಹೇಳದೆಯೇ ಪಾಲಿಸಿ ರದ್ದು ಮಾಡಿಸಬಹುದು. ಒಂದು ವರ್ಷದ ಪಾಲಿಸಿಯಲ್ಲಿ ಪರಿಹಾರ ಪಡೆದಿರದಿದ್ದರೆ ಉಳಿದ ದಿನಗಳ ಲೆಕ್ಕಕ್ಕೆ ಸರಿಯಾಗಿ ಹಣ ಹಿಂತಿರುಗಿಸಬೇಕು. ಆದರೆ ಥರ್ಡ್ ಪಾರ್ಟಿ ಭಾಗ ರದ್ದಾಗಬೇಕಾದರೆ ಬೇರೆ ಕಡೆ ವಿಮೆ ಇದೆ ಎಂದು ತೋರಿಸಬೇಕಾಗುತ್ತದೆ.

ಖಾತೆಯಿಂದ ಹಣ ಹೋಗುವುದನ್ನು ನಿಲ್ಲಿಸುವುದು ಬೇರೆ, ಪಾಲಿಸಿ ರದ್ದು ಮಾಡುವುದು ಬೇರೆ. ಹಣ ಹೋಗುವ ಮೊದಲೇ ನಿಲ್ಲಿಸಿದರೆ ರದ್ದತಿಯ ಗೊಡವೆಯೇ ಇಲ್ಲ. ಕಾರ್ಡು ಅಥವಾ ಯು.ಪಿ.ಐ. ಮೂಲಕ ಹೋಗುವ ಹಣಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದಿದೆ. ಆ ಸಂದೇಶ ಇಂಗ್ಲಿಷಿನಲ್ಲಿ ಬಂದಿದ್ದರೆ ಮಕ್ಕಳ ಕೈಲಿ ಓದಿಸಿ, ಅಳಿಸಿಬಿಡಬೇಡಿ.

ಸದಸ್ಯರು ಪಾಲಿಸಬೇಕಾದ ಕ್ರಮ ಹೀಗಿದೆ. ಮುಕ್ತಾಯದ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಪಾಲಿಸಿ ತೆಗೆದು ನೋಡಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿ.ಸಿ. ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ ಇತ್ತು. ಆದ್ದರಿಂದ ಚೌಕಾಸಿ ಮಾಡಬೇಕಾದದ್ದು ಸ್ವಂತ ಗಾಡಿಯ ಹಾನಿಯ ಭಾಗಕ್ಕೆ ಮಾತ್ರ. ಗಾಡಿಗೆ ಎಷ್ಟು ಬೆಲೆ ಕಟ್ಟಿದ್ದಾರೆ, ಬೇಡದ ಹೆಚ್ಚುವರಿ ಏನಾದರೂ ಸೇರಿದೆಯೇ ನೋಡಿ. ಪರಿಹಾರ ಕೇಳದವರಿಗೆ ಆ ಭಾಗದ ಮೇಲೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ರಿಯಾಯಿತಿ ಉಂಟು. ಕಂಪನಿ ಬದಲಾಯಿಸಿದರೂ ಅದು ನಮ್ಮದೇ. ಆದರೆ ಮುಗಿದ ಮೇಲೆ 90 ದಿನ ಬಿಟ್ಟರೆ ಹೋಯಿತು.

ಬದಲಾಯಿಸುವುದಾದರೆ ಮೊದಲು ಹೊಸ ಪಾಲಿಸಿಯನ್ನು ಹಳೆಯದು ಮುಗಿಯುವ ಗಳಿಗೆಗೆ ಕೂಡುವ ಹಾಗೆ ಮಾಡಿಸಿ, ಕಾಗದ ಕೈಗೆ ಬರಲಿ. ಆ ಬಳಿಕ ಹಳೆಯ ಕಂಪನಿಗೂ ಬ್ಯಾಂಕಿಗೂ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಇದನ್ನು ತಿರುವುಮುರುವು ಮಾಡಿದರೆ ನಡುವೆ ಗಾಡಿ ಬರಿಗೈಲಿ ಓಡುತ್ತದೆ. ಕಂತು ಕೈಸೇರದೆ ಕಂಪನಿ ಹೊಣೆ ಹೊರುವುದಿಲ್ಲ, ಕಾನೂನೇ ಹಾಗಿದೆ.

ಹಣ ಹಿಂತಿರುಗಿಸದಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಬಗೆಹರಿಯದಿದ್ದರೆ ಪ್ರಾಧಿಕಾರದ 155255 ಸಂಖ್ಯೆಗೆ ಫೋನ್ ಮಾಡಬಹುದು. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಛೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಯದಾಗಿ ಆಡಳಿತ ಮಂಡಳಿಯಲ್ಲಿ ನನ್ನದೊಂದು ಅರಿಕೆ. ಸಾಲದ ವಾಯಿದೆ ಬರೆದಿಡುವ ಹಾಗೆಯೇ, ಇಷ್ಟಪಡುವ ಸದಸ್ಯರ ಗಾಡಿ ಸಂಖ್ಯೆ ಮತ್ತು ವಿಮೆ ಮುಗಿಯುವ ದಿನಾಂಕಕ್ಕೆ ಸಂಘದಲ್ಲಿ ಒಂದು ಪುಸ್ತಕ ಇಡೋಣ. ತಿಂಗಳ ಮೊದಲ ವಾರ ಅವರಿಗೆ ತಿಳಿಸೋಣ. ಖರ್ಚು ಒಂದು ಪುಸ್ತಕದ್ದು ಮಾತ್ರ. ಒಬ್ಬ ಸದಸ್ಯನ ಜಮೀನು ಉಳಿದರೂ ಈ ಬೆಳ್ಳಿಹಬ್ಬದ ವರ್ಷದಲ್ಲಿ ಒಂದು ಒಳ್ಳೆ ಕೆಲಸ ಮಾಡಿದ ಹಾಗಾಗುತ್ತದೆ.