ಚಾರಣಿಗನ ಬೆನ್ನಿನ ಹೊರೆ



ಕೆಳದಿ ಸೀಮೆಯವರಿಗೆ ಹೊರೆ ಹೊತ್ತು ನಡೆಯುವುದು ಹೊಸತಲ್ಲ. ಕೆಳದಿ ಅರಸರ ಕಾಲದಲ್ಲಿ ಘಟ್ಟದ ದಾರಿಗಳಲ್ಲಿ ಅಕ್ಕಿ, ಮೆಣಸು ಹೇರೆತ್ತುಗಳ ಬೆನ್ನೇರಿ ಕರಾವಳಿಗೆ ಇಳಿಯುತ್ತಿದ್ದವು, ಉಪ್ಪು ಮೇಲೇರುತ್ತಿತ್ತು. ಎಷ್ಟು ಹೊತ್ತರೆ ಏರು ಹತ್ತಬಹುದೆಂಬ ಲೆಕ್ಕ ಆ ಜನರಿಗೆ ತಿಳಿದಿತ್ತು. ಇಂದು ಮೂರು ನಾಲ್ಕು ದಿನಗಳ ಚಾರಣಕ್ಕೆ ಹೊರಡುವ ತರುಣರು ಆ ಲೆಕ್ಕವನ್ನು ಮತ್ತೆ ಕಲಿಯಬೇಕಾಗಿದೆ.

ಕಲಿಕೆ ತಕ್ಕಡಿಯಿಂದ ಆರಂಭವಾಗಲಿ. ಆಹಾರ, ನೀರು, ಇಂಧನಗಳನ್ನು ಬಿಟ್ಟು ಉಳಿದ ಸಾಮಾನುಗಳನ್ನು ಒಂದೊಂದಾಗಿ ತೂಗಬೇಕು. ಆ ಮೊತ್ತ 9 ಕಿಲೋಗ್ರಾಂ ಒಳಗಿದ್ದರೆ ಚಾರಣಿಗರು ಅದನ್ನು ಹಗುರ ಹೊರೆಯೆನ್ನುತ್ತಾರೆ. ನಾಲ್ಕೂವರೆಯ ಒಳಗಿದ್ದರೆ ಅತಿ ಹಗುರ. ಹೆಚ್ಚಿನ ಭಾರ ಮೂರರಲ್ಲೇ ಅಡಗಿರುತ್ತದೆ: ಚೀಲ, ಡೇರೆ, ಹಾಸಿಗೆ. ಚೀಲವನ್ನು ಕೊನೆಗೆ ಆರಿಸುವುದು ಲೇಸು. ದೊಡ್ಡ ಚೀಲ ಕೊಂಡವನು ಅದನ್ನು ತುಂಬದೆ ಬಿಡುವುದಿಲ್ಲ.

ಹಗುರವೆಂದರೆ ದುಬಾರಿ ವಸ್ತುಗಳ ಖರೀದಿಯಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ಅಪಲೇಶಿಯನ್ ಬೆಟ್ಟದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದಳು. ಹನ್ನೊಂದು ಮಕ್ಕಳ ತಾಯಿ ಆಕೆ. ಹೆಗಲಲ್ಲಿದ್ದುದು ತಾನೇ ಹೊಲಿದ ಚೀಲ. ಒಳಗೆ ಒಂದು ಹೊದಿಕೆ, ಮಳೆಗೆ ಒಂದು ಪ್ಲಾಸ್ಟಿಕ್ ಪರದೆ. ಡೇರೆಯಿರಲಿಲ್ಲ.

ಆದರೆ ಆಕೆಯನ್ನು ಮಲೆನಾಡಿನಲ್ಲಿ ಕಣ್ಣುಮುಚ್ಚಿ ಅನುಕರಿಸುವುದು ಅಪಾಯ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ನೆನೆದ ಹತ್ತಿಬಟ್ಟೆ ಮೈಶಾಖವನ್ನು ಹೀರುತ್ತದೆ. ಜೀನ್ಸ್ ಅಂತೂ ನೀರು ಕುಡಿದು ಭಾರವಾಗುತ್ತದೆ. ನಮ್ಮ ಹಿರಿಯರ ಕಂಬಳಿಕೊಪ್ಪೆ ನೆನೆದರೂ ಬೆಚ್ಚಗಿಡುತ್ತದೆ, ಆದರೆ ಅದರ ತೂಕವೂ ಏರುತ್ತದೆ. ಆದ್ದರಿಂದ ಬೇಗ ಒಣಗುವ ತೆಳುಬಟ್ಟೆ, ತೆಳು ಮಳೆಯಂಗಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿದ ಒಂದು ಜೊತೆ ಒಣಬಟ್ಟೆ ಸಾಕು. ಇವುಗಳಲ್ಲೂ ಟಾರ್ಚ್, ಔಷಧಿಗಳಲ್ಲೂ ಜಿಪುಣತನ ಸಲ್ಲದು.

ಡೇರೆಯನ್ನು ಎಲ್ಲೆಡೆ ಹೊರಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ 1343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಂಥ ಕಾಡಿನಲ್ಲಿ ತಂಗುವಂತಿಲ್ಲ. ತಂಗುವ ಮನೆ ಮೊದಲೇ ನಿಶ್ಚಯವಾಗಿದ್ದರೆ ಡೇರೆ ಮನೆಯಲ್ಲೇ ಉಳಿಯಲಿ.

ಊಟದಲ್ಲಿಯೂ ಇದೇ ವಿವೇಕ ಬೇಕು. ಒಂದು ಗ್ರಾಂ ಪಿಷ್ಟ ನಾಲ್ಕು ಕ್ಯಾಲೊರಿ ನೀಡಿದರೆ, ಒಂದು ಗ್ರಾಂ ಕೊಬ್ಬು ಒಂಬತ್ತು ನೀಡುತ್ತದೆ. ಅವಲಕ್ಕಿ, ಬೆಲ್ಲ, ಕೊಬ್ಬರಿ, ಶೇಂಗಾ ಇದ್ದರೆ ಒಲೆ ಬೇಡ, ಪಾತ್ರೆ ಬೇಡ. ಶೋಲಾ ಕಾಡಿನ ಒಂದು ಕಡ್ಡಿಯನ್ನೂ ಮುರಿಯಬೇಕಾಗಿಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಒರತೆ ಎಲ್ಲಿದೆ, ಬೇಸಿಗೆಯಲ್ಲಿ ಬತ್ತುತ್ತದೆಯೇ ಎಂದು ಊರವರನ್ನು ಕೇಳಿ ಹೊರಟರೆ ಎಷ್ಟು ಹೊರಬೇಕೆಂಬುದು ತಿಳಿಯುತ್ತದೆ. ಒರತೆಯ ನೀರನ್ನು ಕ್ಲೋರಿನ್ ಮಾತ್ರೆ ಹಾಕಿ ಶುದ್ಧಗೊಳಿಸಿಯೇ ಕುಡಿಯಬೇಕು.

ಇದು ಬೆನ್ನುನೋವಿನ ಮಾತಷ್ಟೇ ಅಲ್ಲ. ಹೊರಲಾರದಷ್ಟು ತಂದವನು ಅದನ್ನು ಬೆಟ್ಟದಲ್ಲೇ ಬಿಟ್ಟು ಇಳಿಯುತ್ತಾನೆ. ದಣಿದವನು ಇಳಿಜಾರಿನಲ್ಲಿ ಜಾರಿ ಬಿದ್ದರೆ ಹೊತ್ತು ತರಬೇಕಾದವರು ಹಳ್ಳಿಗರೇ. ಹೊರೆಯನ್ನು ಕೂಲಿಯವನ ಬೆನ್ನಿಗೆ ದಾಟಿಸಿದರೂ ಅದು ಹಗುರವಾಗದು.

ಚಾರಣ ಮುಗಿದ ದಿನ ಸಾಮಾನನ್ನು ಮೂರು ರಾಶಿ ಮಾಡಿರಿ: ದಿನವೂ ಬಳಸಿದ್ದು, ಒಮ್ಮೆ ಬಳಸಿದ್ದು, ಬಳಸದೇ ಇದ್ದದ್ದು. ಮೂರನೆಯ ರಾಶಿಯಿಂದ ಔಷಧಿ, ಮಳೆಯಂಗಿಗಳನ್ನು ಮಾತ್ರ ತೆಗೆದಿರಿಸಿ, ಉಳಿದುದನ್ನು ಮುಂದಿನ ಸಲ ಮನೆಯಲ್ಲೇ ಬಿಡಿ. ಖಾಲಿಯಾದ ಜಾಗದಲ್ಲಿ ನಿಮ್ಮ ಕಸವೆಲ್ಲ ಕೆಳಗಿಳಿಯಲಿ.